ಮಗ್ಗದ ಕುಣಿಯಲ್ಲಿ ಕೂತ ಗಾಣಗಿತ್ತಿ

ಶಿಷ್ಯ ಕೊಟ್ರಯ್ಯ ಕೇಳಿದ: "ಗುರುಗಳೇ, ನನ್ನ ಗೆಳೆಯನ ತಂದೆ ತೀರಿಕೊಂಡರು. ಸೂತಕ ಕಳೆಯುವ ಮೊದಲೇ ದಾಯಾದಿಗಳು ಮನೆ ಕೇಳಲು ಬಂದು ಕೂತಿದ್ದಾರೆ. ಅವನಿಗೆ ಎದುರು ನಿಲ್ಲುವ ತ್ರಾಣವಿಲ್ಲ. 'ಕಲ್ಲು ಮಣ್ಣಿನ ಮೇಲೆ ಆಸೆ ಯಾಕೆ, ಬಿಟ್ಟುಕೊಟ್ಟು ನೆಮ್ಮದಿಯಾಗಿರು' ಎಂದು ಹೇಳಿ ಬಂದೆ. ಸರಿಯಾಗಿಯೇ ಹೇಳಿದೆನಲ್ಲವೇ?"

ಗುರುಗಳು ಸುಲಿಯುತ್ತಿದ್ದ ಅವರೆಕಾಯಿಯನ್ನು ಬದಿಗಿಟ್ಟರು. "ಎಷ್ಟು ಸಲೀಸಾಗಿ ಹೇಳಿ ಬಂದೆಯಪ್ಪಾ! ಕೂತುಕೋ, ಒಂದು ಕತೆ ಕೇಳು" ಎಂದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಮಕ್ಕಳಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಮಗ್ಗದಲ್ಲಿ ಸರದಿಯ ಮೇಲೆ ನೇಯುತ್ತಿದ್ದರು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಒಂದು ದಿನ ಸೀರೆ ಅರ್ಧಕ್ಕೆ ಬಂದಿದ್ದಾಗ ನೇಕಾರ ಎದೆ ಹಿಡಿದುಕೊಂಡು ಒರಗಿದ. ಮತ್ತೆ ಏಳಲಿಲ್ಲ.

ಆ ಊರಿನ ನೇಕಾರರಲ್ಲಿ ಒಂದು ಕಟ್ಟಳೆ ಇತ್ತು. ಸತ್ತವನ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಉಳಿದರೆ ಕತ್ತರಿಸುವ ಹಾಗಿಲ್ಲ. ಸೂತಕ ಕಳೆದ ದಿನ ಮನೆತನದವರೊಬ್ಬರು ಕುಣಿಗಿಳಿದು ಅದನ್ನು ಮುಂದುವರಿಸಬೇಕು. ಮುಗಿಸಿದವರೇ ಮನೆಗೆ ವಾರಸುದಾರರು. ಆ ಸೀರೆಯನ್ನು ದೇವಿಗೆ ಉಡಿಸುತ್ತಿದ್ದರು. ಅದರ ಮೇಲೆ ಕಲೆ ಬಿದ್ದರೆ ಮನೆ ಯಾರಿಗೂ ಇಲ್ಲ, ಗುಡಿಗೆ ಸೇರುತ್ತಿತ್ತು.

ನೇಕಾರನಿಗೆ ಒಬ್ಬ ಅಣ್ಣನಿದ್ದ. ಪಕ್ಕದ ಬೀದಿಯಲ್ಲಿ ತನ್ನದೇ ಮನೆಯಿದ್ದರೂ ಅವನಿಗೆ ತಮ್ಮನ ಮನೆಯ ಮೇಲೆ ಕಣ್ಣು. ಹೆಣದ ಮುಂದೆ ಬಾಯಿ ಬಡಿದುಕೊಂಡ ಮನುಷ್ಯ ಸೂತಕದಲ್ಲೇ ಬಾಗಿಲು, ಕಂಬಗಳನ್ನು ತಟ್ಟಿ ತಟ್ಟಿ ನೋಡಿದ. "ಒಂಟಿ ಹೆಂಗಸಿಗೆ ಇಷ್ಟು ದೊಡ್ಡ ಮನೆ ಯಾಕೆ? ನಮ್ಮಲ್ಲೇ ಒಂದು ಮೂಲೆಯಲ್ಲಿ ಬಿದ್ದಿರಲಿ. ಸೀರೆಯನ್ನು ನನ್ನ ಮಗ ಮುಗಿಸುತ್ತಾನೆ" ಎಂದು ನೇಕಾರರ ಹಿರಿಯರ ಕಿವಿಗೆ ಹಾಕಿದ.

ನೇಕಾರನ ಹೆಂಡತಿಗೆ ಒಬ್ಬ ಗೆಳತಿಯಿದ್ದಳು, ಪಕ್ಕದ ಮನೆಯ ಗಾಣಗಿತ್ತಿ. ಸೂತಕದ ದಿನಗಳಲ್ಲಿ ಗಂಜಿ ತಂದು ಉಣಿಸಿದವಳು ಅವಳೇ. ಸೂತಕ ಕಳೆದ ಬೆಳಿಗ್ಗೆ ಆ ಅಣ್ಣ ಮಗನನ್ನೂ ಹಿರಿಯರನ್ನೂ ಕರೆದುಕೊಂಡು ಬೀದಿಗೆ ತಿರುಗಿದ್ದನ್ನು ಗಾಣಗಿತ್ತಿ ಕಂಡಳು. ಕೈ ತೊಳೆಯದೆ ಗಾಣ ಬಿಟ್ಟು ಹಾಗೇ ಓಡಿದಳು.

ಗೆಳತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಏಳೇ, ಬಂದರು. ಮಗ್ಗಕ್ಕೆ ಕೂರು" ಎಂದರೆ, "ನನ್ನ ಗಂಡ ಮುಟ್ಟಿದ ನೂಲನ್ನು ಹೇಗೆ ಮುಟ್ಟಲೇ? ಬಂದವರೇ ಮನೆ ತಗೊಳ್ಳಲಿ ಬಿಡು. ನನಗೇನೂ ಬೇಡ" ಎಂದಳು.

ಗಾಣಗಿತ್ತಿಗೆ ಮರುಕ ಹುಟ್ಟಿತು. ಹಿಂದೆಯೇ ಸಿಟ್ಟೂ ಬಂತು. ಇವತ್ತು ಇವಳಿಗೆ ಅನ್ನವೂ ಬೇಡ, ನೀರೂ ಬೇಡ, ಮನೆಯೂ ಬೇಡ. ಇಂಥ ಹೊತ್ತಿನಲ್ಲಿ ಬಾಯಿಗೆ ಬಂದ 'ಬೇಡ'ವನ್ನು ಹಿಡಿದುಕೊಂಡು ಇವಳನ್ನು ಬೀದಿಗೆ ಹಾಕುತ್ತಾರೆಯೇ? ನೋಡೇಬಿಡೋಣ ಎಂದು ನೆಟ್ಟಗೆ ಹೋಗಿ ಮಗ್ಗದ ಕುಣಿಗೆ ಕಾಲಿಳಿಸಿ ಕೂತುಬಿಟ್ಟಳು. ಅಲ್ಲಿ ಕೂತವರ ಮಡಿಲಿಗೇ ಬಟ್ಟೆ ತಾಗಿಕೊಂಡಿರುತ್ತದೆ. ಅವಳ ಕೈಗಳಿಗೆ ಮೊಣಕೈವರೆಗೆ ಎಣ್ಣೆ. ಎರಡೂ ಕೈಗಳನ್ನು ತಲೆಯ ಮೇಲೆತ್ತಿದಳು.

"ಇದು ನಮ್ಮ ಮನೆತನದ ವಿಷಯ. ಹೊರಗಿನವಳು ನೀನು, ಏಳು ಮೇಲೆ!" ಎಂದು ಅಣ್ಣ ಗುಡುಗಿದ.

"ಗಂಜಿ ಉಣಿಸುವಾಗ ಇಲ್ಲದ ಹೊರಗು ಈಗ ಎಲ್ಲಿಂದ ಬಂತು? ಏಳುವುದಿಲ್ಲ. ಎಳೆದು ಹಾಕುವವರು ಬನ್ನಿ. ಮುಗ್ಗರಿಸಿದರೆ ನನ್ನ ಕೈ ಎಲ್ಲಿ ಬೀಳುತ್ತದೋ ನನಗೂ ಗೊತ್ತಿಲ್ಲ!"

ಎಲ್ಲರೂ ಆ ಕೈಗಳನ್ನು ನೋಡಿದರು. ಕೆಳಗಿದ್ದ ಹಳದಿ ರೇಷ್ಮೆಯನ್ನೂ ನೋಡಿದರು. "ನೇಕಾರಳಲ್ಲದವಳು ಕುಣಿಯಲ್ಲಿ ಕೂತಿದ್ದಾಳಲ್ಲಾ!" ಎಂದು ಅಣ್ಣ ಹಿರಿಯರ ಕಡೆ ತಿರುಗಿದ. ಹಿರಿಯರು ತಲೆ ಕೆರೆದುಕೊಂಡರು. ಯಾರು ನೇಯಬೇಕೆಂದು ಕಟ್ಟಳೆಯಲ್ಲಿತ್ತು, ಯಾರು ಕೂರಬಾರದೆಂದು ಇರಲಿಲ್ಲ.

ಹೊತ್ತು ಏರಿತು. ಗಾಣಗಿತ್ತಿಯ ತೋಳು ನಡುಗತೊಡಗಿತು. ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳುವ ಹಾಗಿಲ್ಲ. ಮೂಗಿನ ಮೇಲೆ ನೊಣ ಕೂತಿತು, ಓಡಿಸುವ ಹಾಗಿಲ್ಲ. ನಗಬೇಡ ಕೊಟ್ರಯ್ಯ, ಒಮ್ಮೆ ಕೈಯೆತ್ತಿ ಕೂತು ನೋಡು. ಇನ್ನು ಆಗುವುದಿಲ್ಲ ಎನ್ನಿಸಿದಾಗಲೂ ಅವಳು ಹಲ್ಲು ಕಚ್ಚಿ ಕೂತಳು.

ಅಷ್ಟರಲ್ಲಿ ಗೋಡೆಗೆ ಮುಖ ಮಾಡಿದ್ದವಳು ಹೊರಳಿ ನೋಡಿದಳು. ದಡಬಡನೆ ಎದ್ದಳು. "ಅಯ್ಯೋ ಮಾರಾಯ್ತಿ, ಎಣ್ಣೆ ಕೈ! ನನ್ನ ಸೀರೆ! ಏಳೇ, ಏಳೇ ಮೇಲೆ!"

"ಯಾರ ಸೀರೆ?"

"ನಂದು ಕಣೇ!"

"ಅದನ್ನೇ ಇವರ ಕಡೆ ತಿರುಗಿ ಹೇಳು."

ಅವಳು ತಿರುಗಿ ಹೇಳಿದಳು. ಗಾಣಗಿತ್ತಿ ಕೈ ಇಳಿಸದೆ ಮೇಲೆದ್ದು ಬಂದಳು. ಗೆಳತಿ ಕುಣಿಗಿಳಿದು ಲಾಳಿ ಎತ್ತಿಕೊಂಡಳು. ಗಂಡನ ಕೈ ನಿಂತಲ್ಲಿಂದ ಅಳುತ್ತ ಅಳುತ್ತಲೇ ನೇಯ್ದಳು. "ಕಣ್ಣೀರು ಬೀಳುತ್ತಿದೆ, ಕಲೆ ಕಲೆ!" ಎಂದು ಅಣ್ಣ ಕೂಗಿದಾಗ ಹಿರಿಯರಲ್ಲೊಬ್ಬರು, "ಬಾಯಿ ಮುಚ್ಚಯ್ಯ ಸಾಕು" ಎಂದರು.

ಸೀರೆ ಮುಗಿದು ದೇವಿಯ ಮೈಮೇಲೇರಿತು. ಮನೆ ಅವಳದಾಯಿತು. ಆಮೇಲೆ ಅಣ್ಣ ಬೆಣ್ಣೆಯಂಥ ಮಾತಾಡಿಕೊಂಡು ಬಂದ. ಮಗನಿಗೆ ಹಿತ್ತಿಲ ಕೋಣೆಯನ್ನಾದರೂ ಕೊಡಮ್ಮಾ ಎಂದ. ಅವಳು ಗಾಣಗಿತ್ತಿಯ ಮುಖ ನೋಡಿದಳು.

"ನನ್ನನ್ನೇನು ನೋಡುತ್ತೀ? ಮನೆ ನಿನ್ನದು. ಕೊಡಬೇಕೆನ್ನಿಸಿದರೆ ಪೂರ್ತಿ ಮನೆಯನ್ನೇ ಕೊಡು, ನಾನು ತುಟಿ ಪಿಟಕ್ಕೆನ್ನುವುದಿಲ್ಲ" ಎಂದಳು ಗಾಣಗಿತ್ತಿ.

ಅವಳು ಭಾವನ ಕಡೆ ತಿರುಗಿದಳು. "ಕೊಡುವುದಿಲ್ಲ" ಎಂದಳು.

ಗುರುಗಳು ಮತ್ತೆ ಅವರೆಕಾಯಿ ಕೈಗೆತ್ತಿಕೊಂಡರು. ಕೊಟ್ರಯ್ಯ ಕೂತಲ್ಲೇ ಮಿಸುಕಾಡಿದ. "ಆದರೂ ಗುರುಗಳೇ, ತ್ಯಾಗ ದೊಡ್ಡದೆಂದು ಕಲಿಸಿದವರು ತಾವೇ ಅಲ್ಲವೇ?"

"ದೊಡ್ಡದೇ ಕಣಯ್ಯಾ, ಆದರೆ ತ್ಯಾಗ ಮಾಡಲು ನಿನಗೆ ಸಿಕ್ಕಿದ್ದು ಗೆಳೆಯನ ಮನೆಯೇ?"

ಕೊಟ್ರಯ್ಯ ಎದ್ದು ಗೆಳೆಯನ ಮನೆಯ ದಾರಿ ಹಿಡಿದ.