ಕತ್ತು ಬಿಡದ ಸ್ವೆಟರ್

ಯುವ ವಿನ್ಯಾಸಕರ ಹೆಣಿಗೆ ಸ್ಪರ್ಧೆಯಲ್ಲಿ ಗೆದ್ದ ಸ್ವೆಟರಿಗೆ ತಲೆ ತೂರಿಸಲು ಜಾಗವೇ ಇರಲಿಲ್ಲ. ಹೆಣೆದವಳು ಕತ್ತು ಬಿಡಲು ಮರೆತಿದ್ದಳು. ತೀರ್ಪುಗಾರರು ಅದನ್ನು ದಿಟ್ಟ ಚಿಂತನೆ ಎಂದರು. ಸೋತ ಸ್ವೆಟರುಗಳು ಯಾರ್ಯಾರದೋ ಮೈಯೇರಿ ಚಳಿಯಲ್ಲಿ ಊರು ಸುತ್ತಿದವು. ಗೆದ್ದದ್ದು ಗಾಜಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ ಉಳಿಯಿತು.

ಒಂದು ದಿನ ನುಸಿಹುಳುವೊಂದು ಪೆಟ್ಟಿಗೆಯ ಸಂದಿಯಿಂದ ಒಳಬಂತು. "ಬಹುಮಾನದ ಉಣ್ಣೆ ತಿನ್ನುವ ಯೋಗ ನಮ್ಮ ವಂಶದಲ್ಲೇ ಯಾರಿಗೂ ಬಂದಿರಲಿಲ್ಲ. ಹೆದರಿಕೆಯೇ, ಸ್ವಾಮಿ?"

"ಇಲ್ಲಪ್ಪ. ಬಹುಮಾನ ಬಂದ ಮೇಲೆ ನನ್ನನ್ನು ಮುಟ್ಟಿದವನು ನೀನೊಬ್ಬನೇ," ಎಂದಿತು ಸ್ವೆಟರ್. "ಕತ್ತಿನ ಹತ್ತಿರ ಶುರುಮಾಡು. ಒಂದು ತಲೆ ತೂರುವಷ್ಟು ತಿಂದು ನಿಲ್ಲಿಸು."

ಹುಳು ತನ್ನ ತಲೆ ತೂರುವಷ್ಟು ತಿಂದು, ಒಳಹೊಕ್ಕು ಮಲಗಿತು. ಎದ್ದಾಗ ಅದಕ್ಕೆ ಮತ್ತೆ ಹಸಿವಾಗುತ್ತದೆಂದು ಸ್ವೆಟರಿಗೆ ಗೊತ್ತಿತ್ತು. ಆದರೂ ಹುಳುವನ್ನು ಬೆಚ್ಚಗಿಟ್ಟುಕೊಂಡಿತು; ಕಡೆಗೂ ತನ್ನನ್ನು ಒಬ್ಬರು ತೊಟ್ಟಿದ್ದರು.