ತೋಟೆ ಮೇದಪ್ಪನ ಜೋಡಿ

ಬಹಳ ಹಿಂದೆ ಕೊಡಗಿನ ಒಂದು ಊರಿನಲ್ಲಿ ಮೇದಪ್ಪ ಅಂತ ಒಬ್ಬನಿದ್ದನಂತೆ. ಯಾವ ಕಾಲ ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಬೇರೆಯವರು ಕೋವಿಗೆ ಆಸೆಪಟ್ಟರೆ ಇವನಿಗೆ ಕೋವಿಗೆ ತುಂಬುವ ಹಳೆಯ ತೋಟೆಗಳ ಹುಚ್ಚು. ಕಾಗದ ಸುತ್ತಿದ ತೋಟೆ, ಸೀಸೆಯ ಕತ್ತಿನಂತೆ ಸಪೂರವಾದ ಹಿತ್ತಾಳೆ ತೋಟೆ, ಬುಡದಲ್ಲಿ ಯಾರಿಗೂ ಓದಲು ಬಾರದ ಅಕ್ಷರವಿದ್ದ ತೋಟೆ, ಎಲ್ಲವನ್ನೂ ಬಿದಿರಿನ ಅಂಡೆಯಲ್ಲಿ ಇಟ್ಟಿದ್ದನಂತೆ. ಹೆಂಡತಿ ಒಮ್ಮೆ ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿಟ್ಟಳಂತೆ. ಹಳೆಯ ಬಣ್ಣ ಹೋಯಿತೆಂದು ಆವತ್ತು ಊಟವನ್ನೇ ಬಿಟ್ಟ. ಇಂಥವನ ಜೊತೆ ಬಾಳುವುದು ಸುಲಭವೇ?

ಅದರಲ್ಲಿ ಒಂದು ಜೋಡಿ ಅಂದರೆ ಅವನಿಗೆ ಪ್ರಾಣ. ಆ ಅಳತೆಯ ತೋಟೆ ಹಿಡಿಸುವ ಕೋವಿ ಇಡೀ ನಾಡಿಗೆ ಒಂದೇ, ಪಕ್ಕದ ಮನೆಯ ದೇಚವ್ವನದು. ಅವಳ ಗಂಡ ದೂರದ ಯುದ್ಧದಿಂದ ತಂದದ್ದಂತೆ. ಮತ್ತೊಂದು ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ.

ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ಸತ್ತರೆ ಎರಡು, ನಮ್ಮ ಪದ್ಧತಿ ಗೊತ್ತಲ್ಲ. ದೇಚವ್ವ ಮುದುಕಿಯಾದಾಗ ಮೇದಪ್ಪನನ್ನು ಕರೆದು, ತಾನು ಸತ್ತರೆ ಆ ಕೋವಿಯಿಂದಲೇ ಹೊಡೆಯಬೇಕು, ಬೇರೆಯದು ಬೇಡ ಅಂದಳಂತೆ. ಗಂಡ ಎಲ್ಲಿದ್ದರೂ ಆ ಸದ್ದಿನ ಗುರುತು ಹಿಡಿಯುತ್ತಾನೆ ಅಂತ ಅವಳ ನಂಬಿಕೆ. ಬೇಟೆಗೆ ಬಂದ ದೊರೆ ಕೇಳಿದರೂ ಜೋಡಿಯನ್ನು ತೋರಿಸದವನು, ಆ ಕೋವಿಗೆ ಬೇರೆ ತೋಟೆ ಇಲ್ಲ, ತನ್ನ ಜೋಡಿಯೇ ಹೋಗಬೇಕು ಅಂತ ಗೊತ್ತಿದ್ದೂ ಹೂಂ ಅಂದನಂತೆ.

ಅವಳು ತೀರಿಕೊಂಡ ದಿನ ಅಂಗಳದಲ್ಲಿ ನಿಂತು ಮೊದಲನೆಯದನ್ನು ಹೊಡೆದ. ಗುಡ್ಡದಾಚೆಗೂ ಕೇಳಿತಂತೆ. ಎರಡನೆಯದು ಟಿಕ್ ಅಂದು ಸುಮ್ಮನಾಯಿತು. ಮತ್ತೆ ಕೋವಿಯ ಕುದುರೆ ಎಳೆದ, ಮತ್ತೆ ಟಿಕ್. ಅಷ್ಟರಲ್ಲಿ ಒಂದೇ ಗುಂಡು ಕೇಳಿದ ಊರವರು, ಯಾವ ಸೊಸೆ ಹೆತ್ತಳೋ ಅಂತ ನಗುನಗುತ್ತಾ ಜೇನುತುಪ್ಪ ಹಿಡಿದು ಬಂದರಂತೆ. ನೋಡಿದರೆ ಒಳಗೆ ಹೆಣ.

ಮೇದಪ್ಪ ಅಲ್ಲೇ ಕೂತು ಅತ್ತ. ಅವಳ ಗಂಡನಿಗೆ ತಪ್ಪು ಸುದ್ದಿ ಮುಟ್ಟಿಸಿದೆ ಅಂತ ಅತ್ತ. ತನ್ನನ್ನು ಕರೆಯದೆ ಹೆತ್ತವಳು ಯಾರು ಅಂತ ಸಿಟ್ಟಿನಿಂದ ಬಂದಿದ್ದ ಸೂಲಗಿತ್ತಿ ಬೊಳ್ಳವ್ವ ಅವನ ಪಕ್ಕ ಕೂತಳಂತೆ.

"ತಪ್ಪೇನಾಯ್ತು ಮೇದಪ್ಪಣ್ಣ? ಅವನಿರೋ ಕಡೆಗೆ ಇವಳು ಈಗ ತಾನೇ ಹುಟ್ಟಿ ಬಂದಳಲ್ಲ" ಅಂದಳಂತೆ.

ಈಗಲೂ ಆ ಊರಿನಲ್ಲಿ ಯಾರಾದರೂ ಸತ್ತರೆ ಎಲ್ಲರಂತೆ ಎರಡು ಗುಂಡು ಹೊಡೆಯುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹೊಡೆಯುತ್ತಾರೆ. ಅದು ಆ ಕಡೆಯವರಿಗೆ.