ಜಾರುವ ಟ್ರಂಪೆಟ್

ನೇತ್ರಾವತಿಯ ದಂಡೆಯಲ್ಲಿ ಇಜಿದೋರ್ ಮಾಸ್ತರರ ಮನೆ. ಒಂದು ಕಾಲಕ್ಕೆ ಹೋಟೆಲುಗಳಲ್ಲಿ ಜಾಝ್ ನುಡಿಸುತ್ತಿದ್ದವರು. ಹಲ್ಲು ಹೋದ ಮೇಲೆ ಟ್ರಂಪೆಟ್ ಊದುವುದನ್ನು ಬಿಟ್ಟು, ಬೇರೆಯವರು ಊದುವುದನ್ನು ಕೇಳುತ್ತಾ ಕೂತಿದ್ದರು. ಕಿವಿಗೆ ಹಲ್ಲು ಬೇಡವಲ್ಲ.

ಒಂದು ಮಧ್ಯಾಹ್ನ ಶಿಷ್ಯ ವಲೇರಿಯನ್ ಮೂರು ಪೆಟ್ಟಿಗೆ ಹೊತ್ತುಕೊಂಡು ಬಂದ.

"ಎಂತದು ಮಾರಾಯ, ಮನೆ ಬಿಟ್ಟು ಬಂದಿಯಾ?"

"ಮೂರೂ ಟ್ರಂಪೆಟ್, ಮಾಸ್ತರ್ರೇ. ಸಂಜೆಯೊಳಗೆ ಒಂದನ್ನು ಆರಿಸಿ ಉಳಿದದ್ದನ್ನು ಅಂಗಡಿಗೆ ವಾಪಸ್ ಕೊಡಬೇಕು. ಭಾನುವಾರ ಆ ಜಾಝ್ ತಂಡದವರು ತಂಡಕ್ಕೆ ಸೇರಿಸಿಕೊಳ್ಳಲಿಕ್ಕೆ ನಾನು ಊದುವುದನ್ನು ಇನ್ನೊಮ್ಮೆ ಕೇಳ್ತಾರಂತೆ."

'ಇನ್ನೊಮ್ಮೆ' ಎನ್ನುವಾಗ ಅವನ ದನಿ ತಗ್ಗಿತು. ಹೋದ ಸಲ ಅದೇ ತಂಡದ ಎದುರು, ಒಬ್ಬನೇ ಊದುವ ಸರದಿ ಬಂದಾಗ, ಸ್ವರವೊಂದು ಜಾರಿತ್ತು. ಅವನು ಟ್ರಂಪೆಟ್ ಕೆಳಗಿಳಿಸಿ ಎದ್ದು ಬಂದಿದ್ದ. ಆ ನಾಚಿಕೆ ಇನ್ನೂ ಹೋಗಿರಲಿಲ್ಲ. ಈ ಸಲವೂ ಹಾಗಾದರೆ ಮೂರನೇ ಸಲ ಕರೆಯುವವರು ಯಾರು?

ಹನ್ನೆರಡು ವರ್ಷ ಅವನು ಊದಿದ್ದು ಮೆರವಣಿಗೆಯ ಬ್ಯಾಂಡಿನಲ್ಲಿ. ಅಲ್ಲಿ ಯಾರಾದರೂ ಸ್ವರ ತಪ್ಪಿದರೆ, ಮುಂದೆ ನಡೆಯುವ ನಾಯಕ ಹೆಜ್ಜೆ ನಿಲ್ಲಿಸದೆ, ಕತ್ತು ತಿರುಗಿಸಿ ಒಮ್ಮೆ ನೋಡುತ್ತಿದ್ದ. ಅದರ ಬದಲು ಬೈದಿದ್ದರೂ ಆಗುತ್ತಿತ್ತು.

"ಊದು, ಕೇಳುವ" ಎಂದರು ಮಾಸ್ತರರು.

ಮೊದಲನೆಯದು ಬೆಳ್ಳಿ ಬಣ್ಣದ್ದು. ಊದಿದ ರಭಸಕ್ಕೆ ಆಚೆ ದಡದ ಕೊಕ್ಕರೆಗಳು ದಿಬ್ಬಣಕ್ಕೆ ಹೊರಟವರ ಹಾಗೆ ಒಟ್ಟಿಗೆ ಎದ್ದವು.

ಎರಡನೆಯದರಲ್ಲಿ ಪ್ರತಿ ಸ್ವರವೂ ಮೊಳೆ ಹೊಡೆದಂತೆ ತನ್ನ ಜಾಗದಲ್ಲಿ ನಿಂತಿತು.

ಮೂರನೆಯದು, ಬಣ್ಣ ಮಾಸಿದ ಹಳೆಯದು, ನಾಲ್ಕನೇ ಸ್ವರಕ್ಕೆ ಜಾರಿತು. ವಲೇರಿಯನ್ ಕೂಡಲೇ ಅದನ್ನು ಪೆಟ್ಟಿಗೆಗೆ ಸೇರಿಸಿದ.

"ಎರಡನೆಯದೇ ಆಗಬಹುದು, ಮಾಸ್ತರ್ರೇ. ತುಟಿ ಸ್ವಲ್ಪ ಆಚೀಚೆ ಆದರೂ ಸ್ವರ ಅಲುಗುವುದಿಲ್ಲ."

"ಒಳ್ಳೆಯ ಟ್ರಂಪೆಟ್. ನಡೆಯುತ್ತಾ ಊದುವವನಿಗೆ ಅಂಥದ್ದೇ ಬೇಕು. ಬ್ಯಾಂಡಿನಲ್ಲಿ ಯಾರೋ ಬರೆದಿಟ್ಟದ್ದನ್ನು ನೀನು ಊದುತ್ತಿದ್ದೆ. ಜಾಝ್‌ನಲ್ಲಿ ನಿನ್ನ ಸರದಿ ಬಂದರೆ ಎಂತ ಊದುತ್ತೀ?"

"ಮನಸ್ಸಿಗೆ ಬಂದದ್ದು."

"ಮನಸ್ಸಿಗೆ ಬರುವುದೆಲ್ಲ ನೆಟ್ಟಗೇ ಬರ್ತದಾ?"

ವಲೇರಿಯನ್ ಎರಡನೆಯ ಟ್ರಂಪೆಟ್ಟಿನ ಬಾಯಿಯನ್ನು ಅಂಗಿಯ ತುದಿಯಿಂದ ಒರೆಸಿದ.

"ಚಿಕ್ಕಂದಿನಲ್ಲಿ ನಿನ್ನ ಅಮ್ಮ ನಿನ್ನನ್ನು ಊಟಕ್ಕೆ ಹೇಗೆ ಕರೀತಿದ್ದರು?"

"ಹೇಗೆ ಅಂದರೆ... 'ವಲ್ಲೂ' ಅಂತ. ಗದ್ದೆಯ ಆ ತುದಿಗೆ ಕೇಳುವ ಹಾಗೆ."

"ಅದನ್ನು ಊದು."

ವಲೇರಿಯನ್ ಎರಡನೆಯ ಟ್ರಂಪೆಟ್ಟನ್ನು ಎತ್ತಿಕೊಂಡ. ಎರಡು ಸ್ವರಗಳು ಬಂದವು, ಎರಡೂ ಶುದ್ಧ, ಎರಡೂ ನೆಟ್ಟಗೆ.

"ಇದು ರೈಲ್ವೆ ಸ್ಟೇಷನ್ನಿನ ಪ್ರಕಟಣೆ" ಎಂದರು ಮಾಸ್ತರರು. "ಇದನ್ನು ಕೇಳಿ ಯಾರು ಊಟಕ್ಕೆ ಬರ್ತಾರೆ?"

ಅವನು ಸ್ವರವನ್ನು ಬಾಗಿಸಲು ನೋಡಿದ. ತುಟಿ ಸಡಿಲಿಸಿದ, ಉಸಿರು ತಗ್ಗಿಸಿದ. ಅದು ಮತ್ತೆ ತನ್ನ ಜಾಗಕ್ಕೇ ಹೋಗಿ ನಿಂತಿತು. ನಾಲ್ಕು ಸಲ ಹಾಗೇ ಆಯಿತು. ಬೆಳ್ಳಿ ಬಣ್ಣದ್ದೂ ಅದನ್ನೇ ಹೇಳಿತು, ಇನ್ನಷ್ಟು ಜೋರಾಗಿ.

ಮಾಸ್ತರರು ಮೂರನೆಯ ಪೆಟ್ಟಿಗೆಯ ಕಡೆ ಕಣ್ಣೂ ಹಾಯಿಸಲಿಲ್ಲ. ವಲೇರಿಯನ್ ತಾನೇ ಅದನ್ನು ಬಿಚ್ಚಿದ.

ಸ್ವರ ಮೇಲೇರಿತು. ಅಲ್ಲಿಂದ ಮೆಲ್ಲಗೆ ಜಾರಿ ಇಳಿಯಿತು. ಕೊನೆಯಲ್ಲಿ ಚೂರು ಒಡೆಯಿತು.

ಅವನು ಟ್ರಂಪೆಟ್ ಇಳಿಸಿದ. ಕಣ್ಣು ತುಂಬಿತ್ತು.

"ಹೀಗೇ, ಮಾಸ್ತರ್ರೇ. ಕೆಲಸ ಮಾಡಿ ಸುಸ್ತಾದ ದಿನ ಹೀಗೇ ಕರೀತಿದ್ದರು. ನಾನು ಓಗೊಡದಿದ್ದರೆ ಸಿಟ್ಟೂ ಬರ್ತಿತ್ತು."

"ಸಿಟ್ಟನ್ನು ಊದು."

ಅದೂ ಬಂತು. ವಲೇರಿಯನ್ನನಿಗೆ ನಗು ತಡೆಯಲಾಗಲಿಲ್ಲ. ಅಮ್ಮನಿಗೆ ತಾನು ಕೊಡುತ್ತಿದ್ದ ಸುಳ್ಳು ಉತ್ತರವನ್ನೂ ಊದಿದ. 'ಬಂದೇ' ಎಂದು ಕೂಗಿ ಇನ್ನೂ ಆಡುತ್ತಿದ್ದ ಹುಡುಗ ಅದರಲ್ಲಿದ್ದ. ಇನ್ನೇನೇನು ಬರುತ್ತದೋ ನೋಡೋಣವೆಂದು ಊದುತ್ತಲೇ ಇದ್ದ. ಹೊಳೆಯ ನೀರು ಕೆಂಪಾದಾಗಲೇ ಅಂಗಡಿಯ ನೆನಪಾದದ್ದು.

ಉಳಿದೆರಡು ಪೆಟ್ಟಿಗೆಗಳನ್ನು ಮುಚ್ಚಿ ಕಟ್ಟಿದ. ಇದೊಂದು ಕಂಕುಳಲ್ಲೇ ಉಳಿಯಿತು. ಮೆಟ್ಟಿಲಿಳಿದವನು ಮತ್ತೆ ಹತ್ತಿ ಬಂದ.

"ಆದರೆ ಇದು ಜಾರ್ತದಲ್ಲ, ಮಾಸ್ತರ್ರೇ? ಭಾನುವಾರ ಎಲ್ಲರ ಎದುರು ಜಾರಿದರೆ?"

"ಜಾರ್ತದೆ."

"ನನಗೆ ಹೆದರಿಕೆ ಆಗ್ತದೆ."

ಮಾಸ್ತರರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅವರ ಮುಖದಲ್ಲಿ ಕನಿಕರವಿರಲಿಲ್ಲ, ಬರೀ ಕುತೂಹಲವಿತ್ತು.

"ಹೋದ ಸಲ ಜಾರಿತಲ್ಲ, ಅದರ ನಂತರದ ಸ್ವರ ಯಾವುದು?"

"ನಂತರದ್ದು ಎಲ್ಲಿ ಬಂತು? ನಾನು ಅಲ್ಲೇ ನಿಲ್ಲಿಸಿ ಎದ್ದು ಬಂದೆನಲ್ಲ."

"ಹಾಗಾದರೆ ಅದು ಇನ್ನೂ ಬರಲಿಕ್ಕುಂಟು."